ಜೋಡುಕರೆ ಮೀನು ಮತ್ತು ನೋಣಯ ಮಾಮನ ಪಂಪು

ಓಯ್ ಫಸೀಲಾ, ಕಿಟಕಿ ತೆಗಿ! ಹಿತೇಶಾ, ಕಿವಿಗೆ ತುರುಕಿಕೊಂಡದ್ದನ್ನು ತೆಗೆದು ಇತ್ತ ಕೇಳು! ಉನೈಜಾದ ಖರ್ಜೂರದ ಮಂಡಿಯಲ್ಲಿ ನಿಂತಿರುವ ಸವಾದ್, ನೀನೂ ಬಾ, ಮಾರಾಯ! ನಾವೆಲ್ಲ ಒಂದೇ ಬೀದಿಯಲ್ಲಿದ್ದಾಗ ಹೀಗೆ ಕೂಗಿದರೆ ಸಾಕಿತ್ತು, ಎಲ್ಲ ಮಹಡಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ಈಗ ಬೀದಿ ಉದ್ದವಾಗಿದೆ, ನಜ್ರಾನಿನವರೆಗೂ ಹೋಗಿದೆ. ಕೂಗು ಮಾತ್ರ ಅದೇ.

ನೋಣಯ ಮಾಮನ ನೆನಪಿದೆಯಲ್ಲ? ಸೌದಿಯ ರಾಸ್ ತನೂರಾದಲ್ಲಿ ನಮ್ಮ ಕಟ್ಟಡದ ಎರಡನೆಯ ಮಹಡಿ, ಕೆಳಗೆ ಪಠಾಣನ ಟೈಲರ್ ಅಂಗಡಿ. ನಮ್ಮ ಫುಟ್‌ಬಾಲಿಗೆ ಗಾಳಿ ತುಂಬಿಸಿ, ಕಿವಿಯ ಹತ್ತಿರ ಹಿಡಿದು, "ಲೀಕ್ ಇಲ್ಲ, ಹೋಗಿ ಆಡಿ" ಎಂದು ಸರ್ಟಿಫಿಕೇಟು ಕೊಡುತ್ತಿದ್ದವರು. ಅವರದ್ದೇ ಕಥೆ ಇದು. ಕಳೆದ ಶುಕ್ರವಾರ ನಡೆದದ್ದು.

ನೋಣಯ ಮಾಮನಿಗೆ ಈಗ ಐವತ್ತಾರು. ಇಪ್ಪತ್ತೇಳು ವರ್ಷಗಳಿಂದ ಪಂಪ್ ಮೆಕ್ಯಾನಿಕ್. ಎಣ್ಣೆಯ ಪಂಪು, ಸಮುದ್ರದ ನೀರಿನ ಪಂಪು, ಬೆಂಕಿ ಆರಿಸುವ ಪಂಪು, ಯಾವುದೇ ಇರಲಿ, ಅದರ ಮೈಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಹಿಡಿಗೆ ಕಿವಿಯಿಟ್ಟು ಕೇಳಿ, "ಹಿಂದಿನ ಬೇರಿಂಗ್ ಹೋಗಿದೆ" ಎಂದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು. ಮದುವೆಯಾಗಲಿಲ್ಲ. ತಾಯಿ ಬೇಗ ಹೋದ ಮೇಲೆ ಅವರನ್ನು ಸಾಕಿದ್ದು ಎಂಟು ವರ್ಷ ದೊಡ್ಡವರಾದ ಅಕ್ಕ ನಳಿನಾಕ್ಷಿ. ಬೀಡಿ ಕಟ್ಟಿ ತಮ್ಮನನ್ನು ಐಟಿಐ ಓದಿಸಿದ ಅಕ್ಕ ಈಗ ಮಗಳು, ಅಳಿಯ, ಮೊಮ್ಮಕ್ಕಳ ಗದ್ದಲದ ನಡುವೆ ಊರಿನಲ್ಲಿ, ಬಜಗೋಳಿಯ ಹತ್ತಿರ ಇದ್ದಾರೆ. ತಮ್ಮನಿಗೆ ವಿಡಿಯೋ ಕಾಲ್ ಮಾಡುವಾಗ ಫೋನನ್ನು ಕಿವಿಗೇ ಹಿಡಿಯುವುದರಿಂದ ಇಲ್ಲಿ ಕಾಣುವುದು ಅವರ ಬೆಂಡೋಲೆ ಮತ್ತು ತಿರುಗುವ ಫ್ಯಾನು.

ಅಕ್ಕ ತಮ್ಮ ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಹೇಳುತ್ತೇನೆ. ಬೈಗುಳದ ಖಾರ ಸ್ವಲ್ಪ ಇಳಿದಿದ್ದರೆ ಅದು ನನ್ನ ತಪ್ಪು.

ಆರು ತಿಂಗಳ ಹಿಂದೆ ಮಾಮನ ಕಿವಿ ಮಂದವಾಗುತ್ತಿದೆ ಎಂದು ಕಂಪೆನಿಯ ಡಾಕ್ಟರು ಹೇಳಿದರು. ಅವರನ್ನು ಪಂಪ್ ಹೌಸಿನಿಂದ ತೆಗೆದು ಸ್ಪೇರ್ ಪಾರ್ಟ್ಸ್ ಸ್ಟೋರಿನಲ್ಲಿ ಕೂರಿಸಿದರು. ಇಪ್ಪತ್ತೇಳು ವರ್ಷ ಸದ್ದಿನೊಳಗೇ ಇದ್ದ ಮನುಷ್ಯ! ರೂಮಿಗೆ ಬಂದರೆ ಎಸಿ ಬಿಟ್ಟರೆ ಬೇರೆ ದನಿಯಿಲ್ಲ. ಗೋಡೆಯಿಂದ ಗೋಡೆಗೆ ಏಳು ಹೆಜ್ಜೆಯ ರೂಮು. ನಿದ್ದೆ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೊರಟ ಫಿಲಿಪ್ಪೀನ್ಸಿನ ಗೆಳೆಯನೊಬ್ಬ ತನ್ನ ಗಾಜಿನ ತೊಟ್ಟಿಯನ್ನು ಮಾಮನಿಗೆ ಕೊಟ್ಟುಹೋದ. ಒಂದೂವರೆ ಅಡಿ ಉದ್ದ, ಐವತ್ತು ಲೀಟರ್ ನೀರು. ತಳದಲ್ಲಿ ಮಣ್ಣು, ಮರಳು, ನಾಲ್ಕಾರು ಕಲ್ಲು. ಒಳಗೆ ದಟ್ಟವಾಗಿ ನೀರಿನ ಗಿಡಗಳು, ಹುಲ್ಲಿನಂಥವು, ರಿಬ್ಬನಿನಂಥವು. ಮೀನು ಇರಲಿಲ್ಲ. ಅದರ ಜೊತೆಗಿದ್ದ ಚಿಕ್ಕ ಫಿಲ್ಟರು ಗುಟುಗುಟು ಎನ್ನುವುದನ್ನು ಮಾಮ ಎರಡು ದಿನ ಕೇಳಿದರು.

"ಇದು ಪಂಪಾ? ಇದಕ್ಕಿಂತ ಜೋರಾಗಿ ನಾನು ಚಾ ಕುಡಿತೇನೆ" ಎಂದವರೇ ಗಂಟೆಗೆ ಸಾವಿರ ಲೀಟರ್ ಎತ್ತುವ ಪಂಪನ್ನು ತಂದು ಕೂರಿಸಿದರು.

ಸ್ವಿಚ್ ಹಾಕಿದರು ನೋಡಿ, ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದವು. ನೀರು ಕಲ್ಲಿಗೆ ಬಡಿದು, ಮೂಲೆಯಲ್ಲಿ ತಿರುಗಿ, ಮೇಲೆ ಸುಳಿ ಬಿಟ್ಟು ಮತ್ತೆ ಬಂತು. ಜುಳುಜುಳು ಅಲ್ಲ, ಗುಳುಂ ಗುಳುಂ ಎಂಬ ಸದ್ದು. ಮಾಮ ಮಂಚದ ತುದಿಯಲ್ಲಿ ಕೂತುಬಿಟ್ಟರು. ಅದು ಊರಿನ ಅವರ ಮನೆಯ ಹಿಂದಿನ ತೋಡಿನ, ಆ ಸಣ್ಣ ಹಳ್ಳದ ಸದ್ದು. ಈಗ ಅಲ್ಲಿ ಕಿಂಡಿ ಅಣೆಕಟ್ಟು ಆಗಿದೆ. ಹಲಗೆ ಇಳಿಸಿದ ಮೇಲೆ ಊರವರ ಬಾವಿಯಲ್ಲಿ ನೀರು ನಿಲ್ಲುತ್ತದೆ, ತೋಡೂ ನಿಲ್ಲುತ್ತದೆ. ಬಾವಿಗೆ ನೀರು ಬಂದದ್ದು ಒಳ್ಳೆಯದೇ, ಅದರಲ್ಲಿ ಮಾಮನಿಗೆ ದೂರಿಲ್ಲ. ಆದರೆ ಆ ಸದ್ದು ಊರಿನಲ್ಲಿ ಸತ್ತು, ರಾಸ್ ತನೂರಾದ ಒಂದು ರೂಮಿನಲ್ಲಿ ಹುಟ್ಟಿತು. ಆ ರಾತ್ರಿ ಅವರು ಗೊರಕೆ ಹೊಡೆದದ್ದು ಮೇಲಿನ ಮಹಡಿಯ ನಮಗೂ ಕೇಳಿಸಿತು.

ಮರುದಿನ ಅಕ್ಕನಿಗೆ ತೋರಿಸಿದರು. ಅಕ್ಕ ಬಹಳ ಹೊತ್ತು ನೋಡಿದರು. ಆ ದಿನ ಫೋನು ಕಿವಿಯಲ್ಲಿರಲಿಲ್ಲ, ಮುಖದೆದುರೇ ಇತ್ತು.

"ನೀರು ಉಂಟು, ಗಿಡ ಉಂಟು. ಮೀನೆಲ್ಲಿ ನೋಣಯ?"

"ತರ್ತೇನೆ ಅಕ್ಕಾ."

ಅಲ್ಲೇ ಎಡವಟ್ಟಾದದ್ದು. ಹತ್ತಿರದ ಸೂಪರ್ ಮಾರ್ಕೆಟಿನಲ್ಲಿ ಪ್ಲಾಸ್ಟಿಕ್ ಲೋಟದೊಳಗೆ ಇಟ್ಟಿದ್ದ ಒಂದು ಫೈಟರ್ ಮೀನನ್ನು ತಂದರು. ಕೆಂಪು ಬಣ್ಣ, ಮದುಮಗಳ ಸೆರಗಿನಂಥ ಬಾಲ. ನಿಂತ ನೀರಿನ ಮೀನು ಅದು. ತೊಟ್ಟಿಗೆ ಬಿಟ್ಟದ್ದೇ ತಡ, ಸೆರಗಿಗೆ ಗಾಳಿ ಹೊಡೆದ ಹಾಗೆ ತಲೆಕೆಳಗಾಗಿ ತಿರುಗತೊಡಗಿತು. ಹೊಸ ಜಾಗ, ಒಗ್ಗಿಕೊಳ್ಳುತ್ತದೆ ಎಂದು ಮಾಮ ಮಲಗಿದರು. ಬೆಳಗಿನ ಡ್ಯೂಟಿಗೆ ಎದ್ದು ನೋಡಿದರೆ ಮೀನು ಪಂಪು ನೀರೆಳೆಯುವ ತೂತಿಗೆ ಅಂಟಿಕೊಂಡು ಸತ್ತಿತ್ತು.

ಪಂಪಿಗೆ ನೀರೆಳೆಯುವ ಕಡೆ ಜಾಲರಿ ಹಾಕಬೇಕು. ಮೆಕ್ಯಾನಿಕ್ ಕೆಲಸದ ಮೊದಲ ಪಾಠ ಅದು. ಎಷ್ಟು ಹುಡುಗರಿಗೆ ಬೈದು ಕಲಿಸಿದ ಪಾಠ! ಸ್ವಂತ ರೂಮಿನಲ್ಲಿ ಅದನ್ನೇ ಮರೆತಿದ್ದರು.

ಅಕ್ಕನಿಗೆ ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. ಹೇಳಿದರು. ಅಕ್ಕ ಸಿಟ್ಟಾದರು.

"ಅದು ಸತ್ತದ್ದಲ್ಲ, ನೀನು ಕೊಂದದ್ದು. ಒಂದೋ ಆ ನೀರಿಗೆ ಆಗುವ ಮೀನು ತಾ, ಇಲ್ಲ ಪಂಪು ತೆಗಿ. ಇನ್ನೊಂದು ಜೀವ ಹೋದ್ರೆ ತೊಟ್ಟಿ ಯಾರಿಗಾದ್ರೂ ಕೊಟ್ಟುಬಿಡು. ನನ್ನ ಮೇಲೆ ಆಣೆ."

ಬೇರೆ ಆಣೆಯಾಗಿದ್ದರೆ ಮಾಮ ತಪ್ಪಿಸಿಕೊಳ್ಳುತ್ತಿದ್ದರು. ಇದಕ್ಕೆ ದಾರಿಯಿರಲಿಲ್ಲ. ಪಂಪು ತೆಗೆದರೆ ತೋಡಿನ ಸದ್ದು ಹೋಗುತ್ತದೆ, ಇಟ್ಟುಕೊಂಡರೆ ಅದರೊಳಗೆ ಬದುಕುವ ಮೀನು ಬೇಕು. ಹಾಗಾಗಿ ಕಳೆದ ಶುಕ್ರವಾರ ಮಧ್ಯಾಹ್ನ ಗಂಜಿ ಉಂಡು, ತೊಟ್ಟಿಯ ಫೋಟೋ ಹಿಡಿದುಕೊಂಡು ದಮ್ಮಾಮಿಗೆ ಹೊರಟರು. ಇಳಿಹೊತ್ತಿನ ಅಸರ್ ನಮಾಜು ಮುಗಿದು ಅಂಗಡಿಗಳ ಶಟರು ಏಳುವಾಗ ಇವರು ಒಂದು ಮೀನಿನ ಅಂಗಡಿಯ ಮುಂದೆ ಮೊದಲ ಗಿರಾಕಿಯಾಗಿ ನಿಂತಿದ್ದರು.

ಅಂಗಡಿಯಲ್ಲಿದ್ದವರು ಮೊಯಿದಿನಬ್ಬ, ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮರು. ಬಿಳಿ ಗಡ್ಡ, ಮೊಣಕೈವರೆಗೆ ಒದ್ದೆ. ಮಾಮನ ಮೊದಲ ವಾಕ್ಯಕ್ಕೇ ಊರು ಯಾವ ಕಡೆ ಎಂದು ಹಿಡಿದುಬಿಟ್ಟರು.

"ಕಾರ್ಕಳದವರಾ ನೀವು? ಕೂತ್ಕೊಳ್ಳಿ. ಎಂತ ಮೀನು ಬೇಕು?"

"ಜೋಡುಕರೆ ಬೇಕಿತ್ತು" ಎಂದರು ಮಾಮ.

ಮೊಯಿದಿನಬ್ಬ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟರು. "ಜೋಡುಕರೆಯಾ? ಮಿಯಾರಿನದ್ದಾ, ನಮ್ಮ ಉಪ್ಪಿನಂಗಡಿಯದ್ದಾ? ಹೋದ ವರ್ಷ ರಜೆಯಲ್ಲಿ ಹೋಗಿದ್ದೆ ಮಾರಾಯ್ರೆ, ರಾತ್ರಿ ಇಡೀ ನಿಂತು ನೋಡಿದ್ದು. ಹಗ್ಗ ಹಿರಿಯ ವಿಭಾಗದಲ್ಲಿ ಒಂದು ಜೋಡಿ ಕೋಣ..."

"ಕಂಬಳ ಅಲ್ಲ ಬ್ಯಾರಿಗಳೇ, ಮೀನು!"

"ಮೀನಿಗೆ ಎಂತ ಜೋಡುಕರೆ?"

ಆಗ ಮಾಮನಿಗೆ ಹೊಳೆದದ್ದು, ಅದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಹೆಸರು ಎಂದು. ಐವತ್ತು ವರ್ಷಗಳಿಂದ ಅದನ್ನು ಮೀನಿನ ನಿಜವಾದ ಹೆಸರೆಂದೇ ನಂಬಿದ್ದರು! ಅದು ಅಕ್ಕ ಇಟ್ಟ ಹೆಸರು. ತೋಡಿನಲ್ಲಿ ಎರಡು ಕಲ್ಲುಗಳ ನಡುವೆ ನೀರು ಜೋರಾಗಿ ನುಗ್ಗುವ ಜಾಗವಿತ್ತು. ಅಲ್ಲಿ ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ಮುಖ ಮಾಡಿ, ಇದ್ದಲ್ಲೇ ನಿಂತಿರುತ್ತಿದ್ದವು. ನೀಲಿ ಮೈ, ಪಕ್ಕದಲ್ಲಿ ಉದ್ದಕ್ಕೂ ಎರಡು ಹಳದಿ ಗೆರೆ, ಕಂಬಳದ ಗದ್ದೆಯಲ್ಲಿ ಕೋಣ ಓಡುವ ಎರಡು ಕರೆಗಳ ಹಾಗೆ. ಅಕ್ಕ ತಮ್ಮ ಒಂದೊಂದು ಮೀನನ್ನು ತಮ್ಮದೆಂದು ಆರಿಸಿಕೊಳ್ಳುತ್ತಿದ್ದರು. ಆಮೇಲೆ ಅಕ್ಕ ಗಂಜಿಯ ಒಂದು ಅಗುಳನ್ನು ಮೇಲಿನ ಕಲ್ಲಿನ ಹತ್ತಿರ ಹಾಕುವರು. ಆ ಕಲ್ಲೇ ಮಂಜೊಟ್ಟಿ, ಅಂದರೆ ಕಂಬಳದಲ್ಲಿ ಕೋಣಗಳು ಓಡಿ ಮುಟ್ಟುವ ಕೊನೆ. ಯಾರ ಮೀನು ಮೊದಲು ಅಗುಳು ಕಚ್ಚುತ್ತದೋ ಅವರು ಗೆದ್ದಂತೆ.

ಗೆಲ್ಲುತ್ತಿದ್ದದ್ದು ಯಾವಾಗಲೂ ಅಕ್ಕನೇ. ಮೀನು ಆರಿಸುವವರೂ ಅವರೇ, ಅಗುಳು ಹಾಕುವವರೂ ಅವರೇ, ತೀರ್ಪು ಕೊಡುವವರೂ ಅವರೇ.

ಮಾಮ ಇದನ್ನೆಲ್ಲ ಹೇಳಿ ಮುಗಿಸುವವರೆಗೆ ಮೊಯಿದಿನಬ್ಬ ನಗುತ್ತಲೇ ಕೇಳಿದರು. ತೊಟ್ಟಿಯ ಫೋಟೋ ನೋಡಿದರು. ಪಂಪಿನ ಶಕ್ತಿ ಕೇಳಿದರು. ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಐವತ್ತು ಲೀಟರಿಗೆ ಸಾವಿರವಾ? ನೀವು ಮೀನು ಸಾಕುದಾ, ಬಟ್ಟೆ ಒಗೆಯುದಾ?"

"ಅದನ್ನು ಕಡಿಮೆ ಮಾಡ್ಲಿಕ್ಕೆ ಆಗುದಿಲ್ಲ. ಅದಕ್ಕೆ ಆಗುವ ಮೀನು ಹೇಳಿ."

ಮೊಯಿದಿನಬ್ಬ ಎದ್ದು ಗಾಜಿನ ಸಾಲಿನುದ್ದಕ್ಕೂ ನಡೆದರು, ಹಿಂದೆ ಮಾಮ. "ಗೋಲ್ಡ್ ಫಿಶ್ ಬೇಡ, ಅದು ಊಟ ಆದ ಮೇಲಿನ ಅಜ್ಜಿ ಹಾಗೆ, ಅದಕ್ಕೆ ಓಡ್ಲಿಕ್ಕೆ ಆಗುದಿಲ್ಲ. ಗಪ್ಪಿಯ ಬಾಲ ನೋಡಿದ್ರಾ? ನಿಮ್ಮ ಫೈಟರಿನ ಗತಿಯೇ. ಈ ನಿಯಾನ್ ಟೆಟ್ರಾ ಗಿಡದ ಮಧ್ಯೆ ಚಂದ, ಆದ್ರೆ ಅದು ನೆರಳಲ್ಲಿ ಮೆಲ್ಲ ತಿರುಗುವ ಜಾತಿ. ನಿಮ್ಮಲ್ಲಿ ಇಡೀ ದಿನ ಕಲ್ಲಿನ ಹಿಂದೆ ಅಡಗಿ ಕೂರ್ತದೆ."

"ಅದು?" ಗಾಜಿಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದ ಒಂದು ಮೀನನ್ನು ಮಾಮ ತೋರಿಸಿದರು.

"ಅದು ಗುಡ್ಡದ ಹೊಳೆಯದ್ದು. ಎಷ್ಟು ಜೋರು ನೀರು ಬಿಟ್ಟರೂ ಕಲ್ಲು ಬಿಡುದಿಲ್ಲ. ಆದ್ರೆ ತಣ್ಣೀರು ಬೇಕು. ಆಗಸ್ಟಲ್ಲಿ ನಿಮ್ಮ ಎಸಿ ಒಂದು ದಿನ ಕೆಟ್ರೆ ಅದರ ಕಥೆ ಮುಗೀತು."

ಮಾಮ ಕೈ ಹಿಂದೆ ತೆಗೆದರು. ಎಸಿ ಕೆಡುವುದು ಅವರಿಗೆ ಚೆನ್ನಾಗಿ ಗೊತ್ತು.

ಹೀಗೆ ಹೋಗುತ್ತ ಅಂಗಡಿಯ ಕೊನೆಯ ಮೂಲೆಗೆ ಬಂದರು. ಅಲ್ಲೊಂದು ಉದ್ದನೆಯ ತೊಟ್ಟಿ, ಎತ್ತರದ ಮನುಷ್ಯ ಮಲಗುವಷ್ಟು ಉದ್ದ. ಅದರೊಳಗೆ ಇಪ್ಪತ್ತು ಮೂವತ್ತು ಮೀನುಗಳು ನೀರು ಬೀಳುವ ಕಡೆಗೆ ಮುಖ ಮಾಡಿ ನಿಂತಿದ್ದವು. ನೀಲಿ ಮೈ. ಹಳದಿ ಗೆರೆ.

ಮಾಮ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಇದೇ" ಎಂದರು.

"ಇದಾ? ಇದು ಮಲಬಾರ್ ಡ್ಯಾನಿಯೊ" ಎಂದರು ಮೊಯಿದಿನಬ್ಬ. "ಹೌದಲ್ಲ ಮಾರಾಯ್ರೆ! ಇದು ನಮ್ಮ ಕಡೆಯ ತೋಡಲ್ಲೇ ಇರುದು. ಇವು ಮಾತ್ರ ಎಲ್ಲೋ ಹೊರದೇಶದಲ್ಲಿ ಹುಟ್ಟಿ, ವಿಮಾನದಲ್ಲಿ ಬಂದದ್ದು."

"ಇಲ್ಲಿ ಇರ್ಲಿಕ್ಕೆ ಇಕಾಮಾ ಉಂಟಾ ಇವಕ್ಕೆ?"

"ಉಂಟು, ಹೊಣೆ ಹೊತ್ತ ಕಫೀಲ್ ನಾನೇ!"

ಇಬ್ಬರೂ ನಕ್ಕರು. ಮಾಮ ಕೂಡಲೇ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿ, ಮಾತಾಡದೆ ಫೋನನ್ನು ಗಾಜಿಗೆ ಹಿಡಿದರು. ಆ ಕಡೆಯಿಂದ ಮೊದಲು ಬೆಂಡೋಲೆ, ಫ್ಯಾನು. ಆಮೇಲೆ ಮುಖ. ಆಮೇಲೆ ಒಂದು ಕೂಗು.

"ಜೋಡುಕರೆ! ನೋಣಯ, ಜೋಡುಕರೆ! ಎಲ್ಲಿದ್ದೀ ನೀನು? ತೋಡಿಗೆ ಬಂದಿದ್ದೀಯಾ?"

"ದಮ್ಮಾಮಲ್ಲಿ ಅಕ್ಕಾ, ಅಂಗಡಿಯಲ್ಲಿ."

"ತಾ ಅದನ್ನು! ಆ ಮುಂದೆ ನಿಂತದ್ದು ನನ್ನದು, ಈಗಲೇ ಹೇಳಿದ್ದೇನೆ!"

ಮಾಮ ಮೊಯಿದಿನಬ್ಬರ ಕಡೆ ತಿರುಗಿ ಆರು ಬೆರಳು ತೋರಿಸಿದರು. ಮೊಯಿದಿನಬ್ಬ ಬಲೆ ಎತ್ತಿದವರು ಅದನ್ನು ನೀರಿಗಿಳಿಸಲಿಲ್ಲ.

"ನಿಮ್ಮ ತೊಟ್ಟಿ ಒಂದೂವರೆ ಅಡಿಯಲ್ವಾ ನೋಣಯಣ್ಣ?"

"ಹೌದು."

"ಇವು ಈಗ ಮರಿ. ಬೆಳೆದ್ರೆ ನಿಮ್ಮ ಬೆರಳಿಗಿಂತ ಉದ್ದ ಆಗ್ತವೆ. ಓಡುವ ಮೀನು ಇದು. ಒಂದೂವರೆ ಅಡಿಯಲ್ಲಿ ಎರಡು ಸಲ ಬಾಲ ಬಡಿದ್ರೆ ಗಾಜು. ಮೂಗು ಜಜ್ಜಿಕೊಳ್ತವೆ, ಇಲ್ಲದಿದ್ರೆ ಹಾರಿ ಹೊರಗೆ ಬೀಳ್ತವೆ."

ಮಾಮನೊಳಗಿನ ಮೆಕ್ಯಾನಿಕ್ ಎದ್ದು ನಿಂತ. "ಪಂಪು ಇನ್ನೂ ಜೋರು ಮಾಡಿದ್ರೆ? ಎದುರಿಂದ ನೀರು ಬಂದ ಹಾಗೆ ಇದ್ದಲ್ಲೇ ಓಡ್ತವಲ್ಲ. ಆಗ ಜಾಗ ಬೇಡ."

"ಇದ್ದಲ್ಲೇ ಓಡ್ತವೆ. ಬೆಳಿಗ್ಗೆ ಎದ್ದಲ್ಲಿಂದ ಸಂಜೆವರೆಗೆ" ಎಂದರು ಮೊಯಿದಿನಬ್ಬ. "ನೀವು ಅದನ್ನು ಸಾಕುದಾ, ಡ್ಯೂಟಿಗೆ ಹಾಕುದಾ?"

ಉದ್ದನೆಯ ತೊಟ್ಟಿಯಲ್ಲಿ ಒಂದು ಮೀನು ಗುಂಪಿನಿಂದ ಬೇರೆಯಾಗಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೋಗಿ ತಿರುಗಿ ಬಂತು. ಅದನ್ನು ಮಾಮ ಕೊನೆಯವರೆಗೆ ನೋಡಿದರು.

"ಎಂತ ಆಯ್ತು? ಕಟ್ಟಿಸಿಕೊಂಡಿಯಾ?" ಫೋನಿನಲ್ಲಿ ಅಕ್ಕ.

"ಅಕ್ಕಾ, ನನ್ನ ರೂಮಿಗೆ ಎಷ್ಟು ಹೆಜ್ಜೆ?"

"ಏಳು. ನೀನೇ ನಡೆದು ತೋರಿಸಿದ್ದಲ್ಲ."

"ನನಗೆ ಏಳು ಅಭ್ಯಾಸ ಆಗಿದೆ. ನಾನು ಗೊತ್ತಿದ್ದೇ ಇಲ್ಲಿಗೆ ಬಂದದ್ದು. ಇವಕ್ಕೆ ಯಾಕೆ? ಇಲ್ಲೇ ಇರ್ಲಿ. ಇದು ಉದ್ದದ ತೊಟ್ಟಿ."

ಅಕ್ಕ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡರು.

"ಸರಿ. ನೀನು ಹೇಳುದು ಸರಿ. ಹಾಗಾದ್ರೆ ಪಂಪು ತೆಗೀಬೇಕಾಗ್ತದೆ ಮಗಾ."

ಮಗಾ ಎಂದದ್ದು ಯಾವಾಗ ಕೊನೆಯ ಸಲ ಎಂದು ಮಾಮನಿಗೆ ನೆನಪಿಲ್ಲವಂತೆ. ಫೋನು ಇಟ್ಟು ಹೊರಡಲು ತಿರುಗಿದರು. ಮೊಯಿದಿನಬ್ಬ ಬಾಗಿಲಿಗೆ ಅಡ್ಡ ನಿಂತರು.

"ಯಲ್ಲಾ, ಎಲ್ಲಿಗೆ? ನಾನು ಮುಗಿಸಿದೆನಾ? ಬನ್ನಿ ಇಲ್ಲಿ."

ಮೊದಲ ಸಾಲಿನಲ್ಲೇ, ಬಂದಾಗ ಕಣ್ಣಿಗೆ ಬೀಳದಿದ್ದ ಒಂದು ತೊಟ್ಟಿ. ಅದರೊಳಗೆ ಒಂದಂಗುಲದ ಸಣ್ಣ ಮೀನುಗಳು, ಬೆಳ್ಳಿಯ ಮೈಯ ಮೇಲೆ ಕಡುನೀಲಿ ಪಟ್ಟೆ ಪಟ್ಟೆ. ಗಾಳಿಗುಳ್ಳೆ ಏಳುವ ಜಾಗದಲ್ಲೇ ನುಗ್ಗಿ ಆಡುತ್ತಿದ್ದವು.

"ಜೀಬ್ರಾ ಡ್ಯಾನಿಯೊ. ನಿಮ್ಮ ಜೋಡುಕರೆಯ ಚಿಕ್ಕಮ್ಮನ ಮಕ್ಕಳು ಅಂತ ಇಟ್ಕೊಳ್ಳಿ. ಬೆಳೆದ್ರೂ ಇಷ್ಟೇ, ಸ್ವಲ್ಪ ಹೆಚ್ಚು. ಜೋರು ನೀರು ಅಂದ್ರೆ ಇವಕ್ಕೆ ಮದುವೆ ಮನೆ. ಎಂಟು ತಗೊಳ್ಳಿ, ಒಂಟಿ ಬಿಟ್ರೆ ಬೇಜಾರು ಮಾಡ್ಕೊಳ್ತವೆ. ಒಂದು ದೊಡ್ಡ ಕಲ್ಲು ಮಧ್ಯೆ ಇಡಿ, ಸುಸ್ತಾದ್ರೆ ಅದರ ಹಿಂದೆ ನಿಲ್ಲಲಿ. ಮೇಲೆ ಮುಚ್ಚಳ ಹಾಕಿ, ಹಾರ್ತವೆ. ಮತ್ತೆ ಪಂಪು ಎಳೆಯುವ ಬಾಯಿಗೆ ಸ್ಪಂಜು..."

"ಅದನ್ನು ನನಗೆ ಹೇಳ್ಬೇಡಿ" ಎಂದರು ಮಾಮ ತಲೆ ತಗ್ಗಿಸಿ. "ಅದು ಗೊತ್ತುಂಟು."

ಸಂಜೆ ರೂಮಿಗೆ ಬಂದವರು ಅಂಗಿ ಕೂಡ ಬದಲಿಸಲಿಲ್ಲ. ಪಂಪಿನ ಬಾಯಿಗೆ ಸ್ಪಂಜು ತೊಡಿಸಿ, ತಂತಿಯಲ್ಲಿ ಎರಡು ಸುತ್ತು ಬಿಗಿದು, ಎಳೆದು ನೋಡಿದರು. ಕಲ್ಲನ್ನು ಮಧ್ಯಕ್ಕೆ ಸರಿಸಿದರು. ಮೀನಿನ ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಒಳಗೆ ಬೆರೆಸಿದರು. ಕೊನೆಗೆ ಚೀಲ ಬಗ್ಗಿಸಿದರು.

ಎಂಟು ಮೀನುಗಳು ಒಮ್ಮೆ ಚದುರಿದವು. ಒಂದು ಹಿಂದಿನ ಗಾಜಿನವರೆಗೂ ತಳ್ಳಿಕೊಂಡು ಹೋಯಿತು. ಮಾಮನ ಕೈ ಸ್ವಿಚ್ಚಿನ ಮೇಲಿತ್ತು. ಆ ಮೀನು ಬಾಲ ಬಡಿಯಿತು, ತಿರುಗಿತು, ಹರಿವಿಗೆ ಮುಖ ಮಾಡಿತು. ಒಂದೊಂದಾಗಿ ಎಲ್ಲವೂ ತಿರುಗಿದವು. ಗಿಡಗಳೆಲ್ಲ ಆ ಕಡೆ ಬಾಗಿದ್ದರೆ ಎಂಟೂ ಮೂತಿಗಳು ಈ ಕಡೆ. ನಿಂತವು.

ಮಾಮ ಸ್ವಿಚ್ಚಿನಿಂದ ಕೈ ತೆಗೆದು ಅಕ್ಕನಿಗೆ ಕಾಲ್ ಮಾಡಿದರು. ಅಕ್ಕ ಕಣ್ಣು ಕಿರಿದು ಮಾಡಿ ಎಣಿಸಿದರು.

"ಇದಕ್ಕೆ ಎಷ್ಟು ಕರೆ ಉಂಟು? ಇದು ಜೋಡುಕರೆ ಅಲ್ಲ!"

"ನಾಲ್ಕೈದು ಉಂಟು ಅಕ್ಕಾ."

"ನಾಲ್ಕೈದು ಕರೆಯ ಕಂಬಳ ಎಲ್ಲಿ ಉಂಟು ಮಾರಾಯ?"

"ಸೌದಿಯಲ್ಲಿ."

ಅಕ್ಕ ನಕ್ಕದ್ದಕ್ಕೆ ಫೋನು ಕೈಯಿಂದ ಜಾರಿ ಮತ್ತೆ ಫ್ಯಾನು ಕಾಣಿಸಿತು. ಆಮೇಲೆ ದನಿ ಮಾತ್ರ ಬಂತು. "ಮಧ್ಯಾಹ್ನದ ಗಂಜಿ ಉಂಟಾ? ಒಂದು ಅಗುಳು ಹಾಕು. ಕಲ್ಲಿನ ಬಲಕ್ಕೆ ನಿಂತದ್ದು ನನ್ನದು."

ಮಾಮ ಕುಚ್ಚಲಕ್ಕಿಯ ಒಂದು ಅಗುಳನ್ನು ಉಗುರಿನಲ್ಲಿ ಚಿವುಟಿ, ಸಾಸಿವೆಯಷ್ಟು ಮಾಡಿ, ನೀರು ಹೊರಡುವ ಬಾಯಿಯ ಹತ್ತಿರ ಬಿಟ್ಟರು. ಎಂಟೂ ಒಟ್ಟಿಗೆ ನುಗ್ಗಿದವು. ಯಾವುದು ಕಚ್ಚಿತೋ ದೇವರಿಗೇ ಗೊತ್ತು.

"ನನ್ನದೇ!" ಎಂದರು ಅಕ್ಕ, ಸಾವಿರಾರು ಮೈಲಿ ಆಚೆಯಿಂದ.

"ನಿನ್ನದು ಯಾವಾಗ ಅಲ್ಲ?" ಎಂದರು ಮಾಮ. "ಇನ್ನು ಮುಂದೆ ತೀರ್ಪಿಗೆ ಗೆರೆ ಬೇಕು."

ಬೆಳಗಿನ ಡ್ಯೂಟಿಗಾಗಿ ಅವರು ಬೇಗ ಮಲಗುವವರು. ಅಕ್ಕ ಫೋನಿಟ್ಟ ಮೇಲೆ ತಟ್ಟೆ ತೊಳೆದರು, ಚಾಪೆಯ ಮೇಲೆ ಚೆಲ್ಲಿದ ನೀರು ಒರೆಸಿದರು, ಮುಚ್ಚಳ ಸರಿಯಾಗಿ ಕೂತಿದೆಯೋ ನೋಡಿದರು. ಆಮೇಲೆ ಕೆಲಸದ ಚೀಲದಿಂದ, ಪಂಪುಗಳ ಮೇಲೆ ನಂಬರು ಬರೆಯುವ ಬಿಳಿ ಮಾರ್ಕರನ್ನು ತೆಗೆದು, ತೊಟ್ಟಿಯ ಗಾಜಿನ ಮೇಲೆ ನೀರು ಹೊರಡುವ ಜಾಗಕ್ಕೆ ನೇರವಾಗಿ ಒಂದು ಗೆರೆ ಎಳೆದು, ಅದರ ಕೆಳಗೆ 'ಮಂಜೊಟ್ಟಿ' ಎಂದು ಬರೆದರು.